ಬಾಗಿಲ ಸಂದಿನ ಚರಿತ್ರೆ

ಕಾರಿನ ಬಾಗಿಲು ಮುಚ್ಚಿದಾಗ ಒಂದೇ ಸದ್ದು ಬರಬೇಕು. ಎರಡು ಸದ್ದು ಬಂದರೆ ಎಲ್ಲೋ ತಗಡಿಗೆ ತಗಡು ತಾಗುತ್ತಿದೆ ಎಂದು ಅರ್ಥ. ಮುಚ್ಚುವಾಗ ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿಯಬೇಕಾಗಿ ಬಂದರೆ ಕೀಲು ಸವೆದಿದೆ, ಇಲ್ಲವೇ ಒಳಗಿನ ಮರ ಹೋಗಿದೆ. ಈ ಪಾಠವನ್ನು ನಮಗೆ ಹೇಳಿಕೊಟ್ಟವರು ಮೈಸೂರಿನ ಒಂದು ಮೊಹಲ್ಲಾದಲ್ಲಿ ನಲವತ್ತು ವರ್ಷಗಳಿಂದ ಟಿಂಕರಿಂಗ್ ಕೆಲಸ ಮಾಡಿಕೊಂಡಿರುವ ಒಬ್ಬ ಉಸ್ತಾದ್. ಕತೆಗೊಂದು ವಸ್ತು ಸಿಕ್ಕೀತೆಂಬ ಆಸೆಯಿಂದ ಕೆಲವು ವರ್ಷಗಳ ಹಿಂದೆ ನಾವು ಅವರ ಗ್ಯಾರೇಜಿಗೆ ಹೋಗಿ ಕೂರತೊಡಗಿದೆವು. ಕತೆ ಸಿಗಲಿಲ್ಲ. ಸಿಕ್ಕಿದ್ದು ಚರಿತ್ರೆಯ ಒಂದು ತುಂಡು. ಕಾರಿನ ಬಗ್ಗೆ ಪುಸ್ತಕಗಳಿಗೇನೂ ಕೊರತೆಯಿಲ್ಲ. ಆದರೆ ಅವು ಕಾರು ಕಂಡುಹಿಡಿದವರ, ಕಾರ್ಖಾನೆ ಕಟ್ಟಿದವರ, ಕಾರು ಕೊಂಡ ರಾಜ ಮಹಾರಾಜರ ಹೆಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ತಗಡನ್ನು ತಗಡಿನ ಪಕ್ಕ ಕೂರಿಸಿದವರ ಬಗ್ಗೆ ಅಲ್ಲಿ ಒಂದು ಸಾಲು ಸಿಗುವುದೂ ಕಷ್ಟ.

ಉರ್ದುವಿನಲ್ಲಿ ಲೋಹದ ಹಾಳೆಗೆ ಚಾದರ್ ಎನ್ನುತ್ತಾರೆ. ಹೊದ್ದುಕೊಳ್ಳುವ ಹೊದಿಕೆಗೂ ಅದೇ ಹೆಸರು, ದರ್ಗಾದಲ್ಲಿ ಗೋರಿಗೆ ಹೊದಿಸುವ ಬಟ್ಟೆಗೂ ಅದೇ. ಕನ್ನಡದಲ್ಲಿ ತಗಡು. ಪಾಪ, ಈ ಪದಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಕೆಲಸಕ್ಕೆ ಬಾರದ ಸಾಮಾನನ್ನು ತಗಡು ಎಂದು ಬೈಯುತ್ತೇವೆ. ಉಸ್ತಾದ್ ಮಾತ್ರ ಕನ್ನಡದಲ್ಲಿ ಮಾತಾಡುವಾಗಲೂ ಚಾದರ್ ಎಂದೇ ಹೇಳುತ್ತಿದ್ದರು. ಅವರ ಕೆಲಸ ನೋಡಿದ ಮೇಲೆ ಆ ಪದವೇ ಸರಿ ಎಂದು ನಮಗೂ ಅನಿಸಿತು. ಅದು ಹೊದಿಸುವ ಕೆಲಸವೇ. ಒಳಗೊಂದು ಮೈ ಇದೆ, ಅದರ ಮೇಲೆ ಎಲ್ಲೂ ನೆರಿಗೆ ಬೀಳದಂತೆ ಹೊದಿಸಬೇಕು.

ಅಂದು ಗ್ಯಾರೇಜಿನಲ್ಲಿ ನಿಂತಿದ್ದದ್ದು 1930ರ ದಶಕದ ಆರಂಭದ ಒಂದು ಶೆವರ್ಲೆ ಸೆಡಾನ್. ನಾಲ್ಕು ಬಾಗಿಲು. ಮಾಲೀಕರು ಅದನ್ನು ಮೊದಲು ಬೇರೊಂದು ಕಡೆ ಕೊಟ್ಟಿದ್ದರಂತೆ. ಅಲ್ಲಿ ಒಂದೊಂದು ಭಾಗವನ್ನೂ ಬಿಚ್ಚಿ, ಕನ್ನಡಿಯಂತೆ ಬಣ್ಣ ಹೊಡೆದು, ಆಮೇಲೆ ಜೋಡಿಸಲು ಹೊರಟಿದ್ದಾರೆ. ಯಾವುದೂ ಯಾವುದಕ್ಕೂ ಕೂರಲಿಲ್ಲ. ಎಡಗಡೆಯ ಮುಂದಿನ ಬಾಗಿಲು ಕೆಳಗೆ ಉಜ್ಜುತ್ತಿತ್ತು, ಮೇಲೆ ಬೆರಳು ತೂರುವಷ್ಟು ಸಂದಿತ್ತು. ಕೊನೆಗೆ ಕಾರು ಅರ್ಧ ಬಣ್ಣದಲ್ಲಿ, ಅರ್ಧ ಡಬ್ಬಗಳಲ್ಲಿ ಈ ಉಸ್ತಾದರ ಬಳಿಗೆ ಬಂತು. ಅವರು ಬಂದ ದಿನವೇ ಆ ಹೊಸ ಬಣ್ಣವನ್ನು ಕೆರೆಯಲು ಹುಡುಗರಿಗೆ ಹೇಳಿದರು. ಮಾಲೀಕರ ಮುಖ ನೋಡಲಾಗುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಇಂದಿನ ಕಾರಿನಂತೆ ಆ ಶೆವರ್ಲೆಯ ಬಾಡಿ ಪೂರ್ತಿ ಉಕ್ಕಿನದಲ್ಲ. ಒಳಗೆ ಮರದ ಚೌಕಟ್ಟು, ಅದರ ಮೇಲೆ ಉಕ್ಕಿನ ತಗಡು ಹೊದಿಸಿ ಅಂಚಿನಲ್ಲಿ ಮಡಚಿ ಮೊಳೆ ಹೊಡೆದದ್ದು. ಕುದುರೆ ಗಾಡಿ ಕಟ್ಟುವವರಿಂದ ಕಾರು ಕಟ್ಟುವವರಿಗೆ ಬಂದ ವಿದ್ಯೆ ಇದು. ಇಂಗ್ಲೆಂಡಿನಲ್ಲಿ ಇದಕ್ಕೆ ಆಶ್ ಎಂಬ ಮರವನ್ನು ಬಳಸುತ್ತಿದ್ದರು. ಗಟ್ಟಿಯಿದ್ದರೂ ಬಾಗುವ ಗುಣ ಅದಕ್ಕಿದೆ. ಶ್ರೀಮಂತರ ಕಾರುಗಳಲ್ಲಂತೂ ಕಂಪೆನಿ ಕೊಡುತ್ತಿದ್ದುದು ಚಾಸಿಸ್ ಮತ್ತು ಇಂಜಿನ್ ಮಾತ್ರ. ಬಾಡಿಯನ್ನು ಗ್ರಾಹಕ ತನಗೆ ಬೇಕಾದ ಗಾಡಿ ಕಟ್ಟುವವರ ಬಳಿ ಹೇಳಿ ಮಾಡಿಸಿಕೊಳ್ಳಬೇಕು, ಬಟ್ಟೆ ತೆಗೆದುಕೊಂಡು ದರ್ಜಿಯ ಬಳಿ ಹೋದ ಹಾಗೆ. ರೋಲ್ಸ್ ರಾಯ್ಸ್ ತನ್ನದೇ ಬಾಡಿ ಕೂರಿಸಿದ ಕಾರನ್ನು ಮಾರಿದ್ದು 1949ರಲ್ಲಿ, ಸಿಲ್ವರ್ ಡಾನ್ ಎಂಬ ಮಾದರಿಯಿಂದ. ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿ ನಿಜಾಮರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ನೋಡಿರಬಹುದು. ಅದು 1912ರ ಸಿಲ್ವರ್ ಘೋಸ್ಟ್. ಅದರ ಬಾಡಿ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಕಂಪೆನಿ. ಇಂಥ ಕಂಪೆನಿಗಳು ತಮ್ಮ ಹೆಸರಿನ ಸಣ್ಣ ಪಟ್ಟಿಯನ್ನು ಬಾಗಿಲ ಹೊಸ್ತಿಲಿಗೆ ಹೊಡೆಯುತ್ತಿದ್ದವು. ತಗಡು ಬಡಿದವನ ಹೆಸರು ಹೊಸ್ತಿಲ ಮೇಲೆ ಬರಲಿಲ್ಲ. ಅವನದೇನಾದರೂ ಉಳಿದಿದ್ದರೆ ಅದು ಒಳಗಡೆ, ಮರದ ಮೇಲೆ, ಸೀಸದ ಕಡ್ಡಿಯಲ್ಲೋ ಉಳಿ ಗುರುತಿನಲ್ಲೋ ಹಾಕಿದ ಒಂದು ಅಂಕಿ. ಈ ಬಾಗಿಲು ಈ ಗಾಡಿಯದು, ಇನ್ನೊಂದಕ್ಕೆ ಹಾಕಬೇಡಿ ಎಂದು ಹೇಳುವ ಅಂಕಿ.

ಹಾಕಬೇಡಿ ಎನ್ನುವುದಕ್ಕೆ ಕಾರಣವಿತ್ತು. ಕೈಯಲ್ಲಿ ಕಟ್ಟಿದ ಎರಡು ಗಾಡಿಗಳ ಬಾಗಿಲು ಒಂದೇ ಅಳತೆ ಇರುತ್ತಿರಲಿಲ್ಲ. ಅಷ್ಟೇಕೆ, ಒಂದೇ ಗಾಡಿಯ ಎಡಬಲಗಳೂ ಒಂದೇ ಇರುತ್ತಿರಲಿಲ್ಲ. ಒಬ್ಬ ಉಜ್ಜಿ, ಇನ್ನೊಬ್ಬ ಬಾಗಿಸಿ, ಕೂರುವ ತನಕ ತಿದ್ದಿ ಕೂರಿಸುತ್ತಿದ್ದರು. ಫಿಟ್ಟರ್ ಎಂಬ ಹುದ್ದೆಯ ಹೆಸರು ಬಂದದ್ದೇ ಹಾಗೆ.

ಈ ಫಿಟ್ಟರನನ್ನು ಕಳಿಸಿಬಿಡಬೇಕೆಂದು ಕಾರ್ಖಾನೆಗಳು ಪಟ್ಟ ಪ್ರಯತ್ನವೇ ಇಪ್ಪತ್ತನೇ ಶತಮಾನದ ಕಾರಿನ ಚರಿತ್ರೆಯ ಅರ್ಧಭಾಗ ಎನ್ನಬಹುದು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಒಂದು ಪರೀಕ್ಷೆ ನಡೆಯಿತು. ಅಮೆರಿಕದ ಕ್ಯಾಡಿಲಾಕ್ ಕಂಪೆನಿಯ ಮೂರು ಕಾರುಗಳನ್ನು ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಬಿಡಿಬಿಡಿಯಾಗಿ ಬಿಚ್ಚಿಸಿ, ಮೂರರ ಭಾಗಗಳನ್ನೂ ಕಲಸಿದರು. ಕೆಲವು ಭಾಗಗಳನ್ನು ತೆಗೆದಿಟ್ಟು ಅಂಗಡಿಯಿಂದ ಹೊಸದನ್ನು ತರಿಸಿ ಸೇರಿಸಿದರು. ಆಮೇಲೆ ಕೆಲಸಗಾರರ ಕೈಗೆ ಸ್ಪ್ಯಾನರ್, ಸ್ಕ್ರೂ ಡ್ರೈವರ್ ಕೊಟ್ಟು ಮತ್ತೆ ಮೂರು ಕಾರು ಮಾಡಿ ಎಂದರು. ಅರ ಮುಟ್ಟುವಂತಿಲ್ಲ, ಉಜ್ಜುವಂತಿಲ್ಲ. ಮೂರೂ ಕಾರುಗಳು ಎದ್ದು ನಿಂತವು, ಒಂದರ ಬಣ್ಣ ಇನ್ನೊಂದರಲ್ಲಿ ಸೇರಿ ಜಾತ್ರೆಯ ವೇಷಗಾರರ ಹಾಗೆ. ನಿಂತದ್ದು ಮಾತ್ರವಲ್ಲ, ಐನೂರು ಮೈಲಿ ಓಡಿದವು ಕೂಡ. ಕ್ಯಾಡಿಲಾಕ್‌ಗೆ ಡ್ಯೂವರ್ ಟ್ರೋಫಿ ಸಿಕ್ಕಿತು. ಯಾವ ಭಾಗವಾದರೂ ಯಾವ ಕಾರಿಗಾದರೂ ಕೂರುತ್ತದೆ ಎಂದಾಗಿಬಿಟ್ಟರೆ ಕೂರಿಸುವ ಕೈಗೆ ಬೆಲೆ ಕೊಡಬೇಕಾಗಿಲ್ಲ. ಫೋರ್ಡ್ 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಹಾಕಿದ್ದು ಇದೇ ನಂಬಿಕೆಯ ಮೇಲೆ.

ಆದರೆ ಇಂಜಿನ್ನಿನಷ್ಟು ಸುಲಭವಾಗಿ ಬಾಡಿ ಬಗ್ಗಲಿಲ್ಲ. ಎರಕದ ಕಬ್ಬಿಣವನ್ನು ಒಂದು ಅಳತೆಗೆ ಕಡೆದರೆ ಅದು ಆ ಅಳತೆಯಲ್ಲೇ ನಿಲ್ಲುತ್ತದೆ. ತಗಡು ಹಾಗಲ್ಲ. ಅಚ್ಚಿನಲ್ಲಿ ಒತ್ತಿ ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಬರುತ್ತದೆ. ಬೆಸುಗೆ ಹಾಕಿದರೆ ಸುಕ್ಕುತ್ತದೆ. ಸುತ್ತಿಗೆ ಬಿದ್ದಲ್ಲಿ ಹಿಗ್ಗುತ್ತದೆ. ಬಾಡಿಯಿಂದ ಮರವನ್ನು ಪೂರ್ತಿ ಹೊರಗೆ ಹಾಕಿದ ದೊಡ್ಡ ಹೆಜ್ಜೆ ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರದು. ಒತ್ತಿದ ಉಕ್ಕಿನ ತಗಡುಗಳನ್ನು ಬೆಸೆದು ಅವರ ಕಂಪೆನಿ ಕಟ್ಟಿದ ಬಾಡಿಯನ್ನು 1914ರಲ್ಲಿ ಡಾಡ್ಜ್ ಸಹೋದರರು ತಮ್ಮ ಕಾರಿಗೆ ಬಳಸಿದರು. ಮರವಿಲ್ಲದ್ದರಿಂದ ಬಣ್ಣವನ್ನು ಒಲೆಯಲ್ಲಿಟ್ಟು ಬೇಗ ಒಣಗಿಸಬಹುದಿತ್ತು. 1926ರಲ್ಲಿ ಇಂಗ್ಲೆಂಡಿನ ಕೌಲಿಯಲ್ಲಿ ವಿಲಿಯಂ ಮಾರಿಸ್ ಜೊತೆ ಸೇರಿ ಬಡ್ ಕಂಪೆನಿ ಪ್ರೆಸ್ಡ್ ಸ್ಟೀಲ್ ಎಂಬ ಕಾರ್ಖಾನೆ ತೆರೆಯಿತು. ಜನರಲ್ ಮೋಟಾರ್ಸಿನವರು ಮಾತ್ರ ಮರವನ್ನು ಬಹುಕಾಲ ಬಿಡಲಿಲ್ಲ. ಶೆವರ್ಲೆಗೆ ಪೂರ್ತಿ ಉಕ್ಕಿನ ಬಾಡಿ ಬಂದದ್ದು 1937ರಲ್ಲಿ.

ಉಸ್ತಾದರ ಮುಂದೆ ನಿಂತಿದ್ದ ಕಾರು ಹೀಗೆ ಎರಡು ಕಾಲಗಳ ಮಧ್ಯದ್ದು. ತಗಡು ಯಂತ್ರದ್ದು, ಮರ ಬಡಗಿಯದು, ಕೂರಿಸಿದ್ದು ಕೈ. ಆ ಕೈ ಯಾವ ಊರಿನದು ಎನ್ನುವುದು ಇನ್ನೊಂದು ಕುತೂಹಲ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವ್ಡಿಯಲ್ಲಿ ಜೋಡಣಾ ಕಾರ್ಖಾನೆ ಶುರುಮಾಡಿತ್ತು. ಬಿಡಿಭಾಗಗಳು ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದು ಅಲ್ಲಿ ಕಾರಾಗುತ್ತಿದ್ದವು. ಸ್ವಾತಂತ್ರ್ಯಾನಂತರ, ಇಲ್ಲೇ ತಯಾರಿಸುವ ಯೋಜನೆಯಿಲ್ಲದೆ ಬರೀ ಜೋಡಿಸುವವರು ಬೇಡ ಎಂಬ ನೀತಿ ಬಂದಾಗ, 1954ರಲ್ಲಿ ಅದು ಬಾಗಿಲು ಹಾಕಿತು. ಈ ಶೆವರ್ಲೆ ಶಿವ್ಡಿಯದೇ ಎಂದು ಮಾಲೀಕರು ಹೇಳುತ್ತಿದ್ದರು. ಹಾಗಿದ್ದರೆ ಅದರ ಬಾಗಿಲನ್ನು ಮೊದಲ ಸಲ ಕೂರಿಸಿದವನು ಡೆಟ್ರಾಯಿಟಿನವನಲ್ಲ, ಮುಂಬಯಿಯ ಯಾವುದೋ ಚಾಳಿನಿಂದ ಬುತ್ತಿ ಕಟ್ಟಿಕೊಂಡು ಬಂದವನು.

ಕಾರು ತಯಾರಿಕೆ ನಮ್ಮ ಮೈಸೂರು ಸಂಸ್ಥಾನಕ್ಕೇ ಬರಬೇಕಾಗಿತ್ತು ಎನ್ನುವುದನ್ನು ಈಗ ಬಹಳ ಜನ ಮರೆತಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಕಾರು ಕಾರ್ಖಾನೆಯ ಯೋಜನೆ ಹಿಡಿದು ಅಮೆರಿಕ, ಯುರೋಪು ಸುತ್ತಿಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಹಣ ಹಾಕಲು ಸಿದ್ಧರಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತ್ತು. ಬ್ರಿಟಿಷರ ಒಪ್ಪಿಗೆ ಸಿಗಲಿಲ್ಲ. ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಕಾರು ಕೇಳಿದ ಊರಿಗೆ ವಿಮಾನ ಬಂತು. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ರೈಲು ಬೋಗಿಗಳನ್ನೂ ಕಟ್ಟಿತು. ವಿಮಾನವಾಗಲಿ ಬೋಗಿಯಾಗಲಿ, ಕೊನೆಗೆ ಅದೂ ಚೌಕಟ್ಟಿಗೆ ತಗಡು ಹೊದಿಸುವ ಕೆಲಸವೇ ತಾನೆ.

ಈಗ ಗ್ಯಾರೇಜಿಗೆ ವಾಪಸು ಬರೋಣ. ಎಡಗಡೆಯ ಮರ ಒಳಗೊಳಗೇ ಪುಡಿಯಾಗಿತ್ತು. ಅದರ ಕೆಲಸಕ್ಕೆ ಒಬ್ಬ ಆಚಾರ್ರು ಬರುತ್ತಿದ್ದರು, ಉಸ್ತಾದರಿಗಿಂತ ಹಿರಿಯರು. ಇವರಿಬ್ಬರ ಜಗಳ ಕೇಳುವುದಕ್ಕೆಂದೇ ನಾವು ಕೆಲವು ದಿನ ಹೋಗಿದ್ದುಂಟು.

"ಸಾಯಬ್ರೆ, ನಿಮ್ಮ ತಗಡು ಮೊದಲು ಸರಿಮಾಡಿಕೊಡಿ. ಅದರ ಅಳತೆಗೆ ನಾನು ಮರ ಕೆತ್ತುತೀನಿ."

"ಆಚಾರ್ರೆ, ತುಕ್ಕು ತಿಂದು ಅರ್ಧ ಹೋಗಿರೋ ಚಾದರ್ ಏನು ಅಳತೆ ಹೇಳುತ್ತೆ? ಮರ ನಿಲ್ಸಿ, ನಾನು ಹೊದಿಸ್ತೀನಿ."

ಇದು ಬರೀ ಜಗಳವಲ್ಲ, ಇಂಥ ಕಾರಿನ ನಿಜವಾದ ತೊಡಕು. ಮರದ ಅಳತೆ ತಗಡಿನಲ್ಲಿದೆ, ತಗಡಿನ ಅಳತೆ ಮರದಲ್ಲಿದೆ, ಎರಡೂ ಕೆಟ್ಟಿವೆ. ಬಲಗಡೆ ಚೆನ್ನಾಗಿತ್ತಲ್ಲ, ಅದರ ಮೇಲೆ ರಟ್ಟಿಟ್ಟು ಅಚ್ಚು ತೆಗೆದು, ಮಗುಚಿ ಎಡಗಡೆಗೆ ಇಟ್ಟು ನೋಡಿದರು. ಅರ್ಧ ಬೆರಳು ವ್ಯತ್ಯಾಸ. ತೊಂಬತ್ತು ವರ್ಷಗಳಲ್ಲಿ ಕಾರು ಒಂದು ಕಡೆಗೆ ಕೂತಿದೆಯೋ, ಶಿವ್ಡಿಯಲ್ಲೇ ಹಾಗೆ ಕಟ್ಟಿದ್ದರೋ ಹೇಳುವವರು ಯಾರು? ಕೊನೆಗೆ ಆದದ್ದು ರಾಜಿ. ಆಚಾರ್ರು ತೇಗದಲ್ಲಿ ಬಾಗಿಲ ಕಂಬವನ್ನು ಸ್ವಲ್ಪ ಉಬ್ಬಿಸಿಯೇ ಕೆತ್ತಿ ಸ್ಕ್ರೂಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದರು. ಉಸ್ತಾದ್ ಹಿಡಿಕೆಗಳಲ್ಲಿ ತಗಡು ಕಚ್ಚಿಸಿ ನೋಡುವುದು, ತಾಗಿದಲ್ಲಿ ಸುಣ್ಣದ ಗುರುತು ಹಾಕುವುದು, ಆಚಾರ್ರು ಅಷ್ಟನ್ನೇ ಕೆತ್ತುವುದು. ಎಷ್ಟು ಸಲ ಹಾಕಿ ತೆಗೆದರೋ ನಾವು ಲೆಕ್ಕ ಇಡಲಿಲ್ಲ. ನಮಗೆ ಬೇಸರ ಬಂದಷ್ಟು ಅವರಿಗೆ ಬರಲಿಲ್ಲ.

ಇದಕ್ಕೂ ಮೊದಲು ಒಂದು ವಾರ ಬಾಡಿಯನ್ನು ಚಾಸಿಸ್ ಮೇಲೆ ಕೂರಿಸುವುದಕ್ಕೇ ಹೋಗಿತ್ತು. ಕಾರು ಜಾಕಿಯ ಮೇಲಿದ್ದಾಗ ಬಾಗಿಲು ಕೂರಿಸಬಾರದು, ತನ್ನ ಚಕ್ರದ ಮೇಲೆ ತಾನು ನಿಂತಿರಬೇಕು, ಇಂಜಿನ್ನಿನ ಭಾರವೂ ಇರಬೇಕು. ಬಾಡಿಗೂ ಚಾಸಿಸ್‌ಗೂ ನಡುವೆ ಬೋಲ್ಟುಗಳ ಬಳಿ ಪ್ಯಾಕಿಂಗ್ ಇರುತ್ತದೆ. ಹಿಂದಿನ ಒಂದು ಬೋಲ್ಟಿನ ಕೆಳಗೆ ತೆಳ್ಳನೆಯ ಒಂದು ತುಂಡು ಸೇರಿಸಿದರೆ ಮುಂದಿನ ಬಾಗಿಲ ಮೇಲಿನ ಸಂದು ಬದಲಾಗುತ್ತದೆ! ಉಸ್ತಾದ್ ಅದನ್ನು ಮಾಡಿ ತೋರಿಸಿದಾಗ ನಮಗೆ ಕಣ್ಕಟ್ಟಿನಂತೆ ಕಂಡಿತು. ಮೊದಲಿನವರು ತಪ್ಪಿದ್ದೂ ಅಲ್ಲೇ. ಬಾಗಿಲು ಉಜ್ಜುತ್ತಿದೆಯೆಂದು ಬಾಗಿಲನ್ನೇ ಬಡಿದಿದ್ದರು. ತಪ್ಪು ಇದ್ದದ್ದು ಅಲ್ಲಿಂದ ಆರು ಅಡಿ ಹಿಂದೆ, ಕಣ್ಣಿಗೆ ಕಾಣದ ಕಡೆ.

ಸಂದಿನ ಅಳತೆಗೆ ಅವರ ಬಳಿ ಇದ್ದದ್ದು ಹಳೆಯ ದಪ್ಪನೆಯ ಐದು ರೂಪಾಯಿಯ ಎರಡು ನಾಣ್ಯಗಳು. ಎರಡನ್ನೂ ಜೋಡಿಸಿ ಬಾಗಿಲ ಸುತ್ತ ಸಂದಿನಲ್ಲಿ ಓಡಿಸುತ್ತಿದ್ದರು. ಎಲ್ಲೂ ಸಿಕ್ಕಿಕೊಳ್ಳಬಾರದು, ಎಲ್ಲೂ ಅಲ್ಲಾಡಬಾರದು. ಮುಂದೆ ಬಣ್ಣ ಬಂದಾಗ ಎರಡು ಅಂಚೂ ದಪ್ಪವಾಗುತ್ತವೆ, ರಬ್ಬರ್ ಬೀಡಿಂಗ್ ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೂ ಜಾಗ ಬಿಟ್ಟಿರಬೇಕು. ಬಾಗಿಲುಗಳು ಕೂತ ಮೇಲೆ ಮಡ್‌ಗಾರ್ಡ್, ಆಮೇಲೆ ಫುಟ್‌ಬೋರ್ಡ್, ಕೊನೆಗೆ ಬಾನೆಟ್. ಎಲ್ಲವನ್ನೂ ಬಣ್ಣವಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ, ಕಾರನ್ನು ಗಲ್ಲಿಯಲ್ಲಿ ಒಂದು ಸುತ್ತು ಓಡಿಸಿ, ಸಂದುಗಳನ್ನು ಮತ್ತೆ ನೋಡಿ, ಆಮೇಲೆ ಬಿಚ್ಚಿ ಬಣ್ಣಕ್ಕೆ ಕಳಿಸುವುದು. ಹಣ ಕೊಡುವವರಿಗೆ ಇದನ್ನು ತಾಳುವುದು ಕಷ್ಟ. ಬಣ್ಣ ಕಾಣುತ್ತದೆ, ಸಂದು ಕಾಣುವುದಿಲ್ಲ.

ತುಕ್ಕು ಹಿಡಿದ ಕೆಳಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದ ಜಾಗದಲ್ಲಿ ಅವರು ಪುಟ್ಟಿ ಹಾಕಲಿಲ್ಲ. ಸೀಸ ಮತ್ತು ತವರದ ಬೆರಕೆಯನ್ನು ಹದವಾಗಿ ಕಾಯಿಸಿ, ಕೊಬ್ಬು ಸವರಿದ ಮರದ ಕೈಪಟ್ಟಿಯಲ್ಲಿ ಬೆಣ್ಣೆಯಂತೆ ಹರಡಿದರು. ಕಾರ್ಖಾನೆಗಳೂ ಒಂದು ಕಾಲದಲ್ಲಿ ತಗಡಿನ ಬೆಸುಗೆಯನ್ನು ಮುಚ್ಚುತ್ತಿದ್ದುದು ಹೀಗೆಯೇ. ಸೀಸ ಹಿಡಿಯಬೇಕಾದರೆ ಮೊದಲು ತಗಡಿಗೆ ತವರದ ಒಂದು ಲೇಪ ಕೊಡಬೇಕು. ಅದು ನಮ್ಮ ಬೀದಿಗಳಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರ ಕೆಲಸವೇ. ಉಸ್ತಾದರ ತಂದೆ ಕಲಾಯಿಗಾರರು. ಸ್ಟೀಲ್ ಪಾತ್ರೆ ಬಂದು ಕಲಾಯಿ ಸತ್ತಾಗ ಮಗ ಹನ್ನೊಂದನೇ ವಯಸ್ಸಿಗೆ ಗ್ಯಾರೇಜು ಸೇರಿದ. ಹತ್ತಿ ಉಂಡೆಯಲ್ಲಿ ತವರ ಒರೆಸುವ ಕೈಚಳಕ ಮಾತ್ರ ಕುಲುಮೆಯಿಂದ ಜೊತೆಗೇ ಬಂತು. ಸೀಸದ ಹೊಗೆ ಎದೆಗೆ ಒಳ್ಳೆಯದಲ್ಲ ಎಂದು ಅವರಿಗೂ ಗೊತ್ತು. ಹುಡುಗರನ್ನು ಆಚೆ ಕಳಿಸಿ ತಾವೊಬ್ಬರೇ ಮಾಡುತ್ತಿದ್ದರು. ಮುಗಿದ ಮೇಲೆ ಒಂದು ಬಟ್ಟೆ ಹಾಸಿ ಅದರ ಮೇಲಿಂದ ಅಂಗೈ ಆಡಿಸುವರು. ಬರಿಗೈಗೆ ತಿಳಿಯದ ಏರಿಳಿತ ಬಟ್ಟೆಯ ಮೇಲಿಂದ ತಿಳಿಯುತ್ತದಂತೆ. ನಾವೂ ಪ್ರಯತ್ನಿಸಿದೆವು. ನಮಗೆ ಬಟ್ಟೆಯಷ್ಟೇ ತಿಳಿಯಿತು.

ಇಂಥ ಕೆಲಸದ ಮೇಲೆ ಈಗ ಕಾನೂನಿನ ಕಣ್ಣೂ ಬಿದ್ದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ, ಚಾಸಿಸ್, ಬಾಡಿ ಶೆಲ್, ಇಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗದ ವಾಹನಕ್ಕೆ ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಸಿಗುತ್ತವೆ. ನಿಯಮ ಒಳ್ಳೆಯದೇ. ಆದರೆ ಮೂಲ ರೂಪ ಎಂದರೇನು? ಆ ಶೆವರ್ಲೆಯ ಎಡಗಡೆಯ ಮರ ಈಗ ಕರ್ನಾಟಕದ ತೇಗ, ಬಾಗಿಲ ಕೆಳಗಿನ ತಗಡು ಮೈಸೂರಿನ ಅಂಗಡಿಯದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಸಂರಕ್ಷಣೆ ಬೇರೆ, ಪುನರುದ್ಧಾರ ಬೇರೆ ಎಂದು ಬೇರ್ಪಡಿಸುತ್ತದೆ. ಸಾಧ್ಯವಾದಷ್ಟು ಹಳೆಯದನ್ನು ಉಳಿಸಿ ಎನ್ನುತ್ತದೆ. ಉಸ್ತಾದ್ ಸನ್ನದು ಓದಿದವರಲ್ಲ. ಬಾಗಿಲ ಮೇಲ್ಭಾಗದ ತಗಡು ಅಂಗೈಯಗಲ ಮಾತ್ರ ಗಟ್ಟಿಯಿತ್ತು. ಪೂರ್ತಿ ಹೊಸದು ಹಾಕಿದ್ದರೆ ಕೆಲಸ ಅರ್ಧಕ್ಕೆ ಇಳಿಯುತ್ತಿತ್ತು. ಅವರು ಆ ಅಂಗೈಯಗಲವನ್ನು ಬಿಡಲಿಲ್ಲ, ಅದರ ಸುತ್ತ ಬೆಸೆದರು. "ಇದು ಅವನ ಕೈಯದು, ನಾನ್ಯಾಕೆ ತೆಗೀಲಿ?" ಎಂದರು.

ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಿಡರ್ ನೆನಪಾಗುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಬಾಡಿ, 1957ರ ಸುಮಾರಿಗೆ ಉತ್ತರಪಾರಾದಲ್ಲಿ ಶುರುವಾಗಿ 2014ರ ತನಕ ಹೆಚ್ಚುಕಡಿಮೆ ಅದೇ ಮೈಯಲ್ಲಿ ಬಂತು. ಉಸ್ತಾದರ ಪೀಳಿಗೆ ವಿದ್ಯೆ ಕಲಿತದ್ದು ಅದರ ಮೇಲೆ, ಮುಂಬಯಿಯ ಪ್ರೀಮಿಯರ್ ಪದ್ಮಿನಿಯ ಮೇಲೆ. 1970ರ ಅಂಬಾಸಿಡರ್ ಈಗ ಕಾನೂನಿನ ಪ್ರಕಾರ ವಿಂಟೇಜ್ ಆಗುವ ವಯಸ್ಸು ದಾಟಿದೆ. ಅದನ್ನು ಬಡಿದು ನೆಟ್ಟಗೆ ಮಾಡುತ್ತಿದ್ದವರಿಗೆ ಯಾವ ಅಕ್ಷರವನ್ನು ಕೊಡುವ ನಿಯಮವೂ ಇಲ್ಲ. ಇಂದಿನ ಕಾರಿಗೆ ಏಟು ಬಿದ್ದರೆ ವಿಮೆಯ ಲೆಕ್ಕದಲ್ಲಿ ಇಡೀ ಭಾಗವನ್ನೇ ಬದಲಿಸುತ್ತಾರೆ. ಕ್ಯಾಡಿಲಾಕ್‌ನವರು 1908ರಲ್ಲಿ ಕಂಡ ಕನಸು ನನಸಾಗಿದೆ ಎನ್ನಬೇಕು. ಉಸ್ತಾದರ ಇಬ್ಬರು ಗಂಡುಮಕ್ಕಳೂ ಈ ಕೆಲಸಕ್ಕೆ ಬರಲಿಲ್ಲ. ಅವರು ಬರಬೇಕಿತ್ತೆಂದು ಹೇಳುವ ಹಕ್ಕು ನಮಗಿಲ್ಲ. ಸೀಸದ ಹೊಗೆ ಕುಡಿಯುವುದು ನಾವಲ್ಲವಲ್ಲ. ವಿಂಟೇಜ್ ರ‍್ಯಾಲಿಗಳಲ್ಲಿ ಬಹುಮಾನದ ಬಟ್ಟಲು ಮಾಲೀಕನ ಕೈಗೆ ಹೋಗುತ್ತದೆ, ಪತ್ರಿಕೆಯ ಚಿತ್ರದ ಕೆಳಗೆ ಅವನ ಹೆಸರು ಬರುತ್ತದೆ. ಇದನ್ನು ನಾವು ಆಕ್ಷೇಪದ ದನಿಯಲ್ಲಿ ಹೇಳಿದಾಗ ಉಸ್ತಾದ್ ನಕ್ಕರು. "ಕಾರು ಅವರದಲ್ವಾ ಭಾಯ್" ಎಂದರು.

ಬಣ್ಣ ಮುಗಿದು ಕೊನೆಯ ಜೋಡಣೆಯ ದಿನ ನಾವು ಹೋಗಿದ್ದೆವು. ಎಡಗಡೆಯ ಮುಂದಿನ ಬಾಗಿಲ ಒಳಹೊದಿಕೆ ಹಾಕುವುದೊಂದು ಬಾಕಿಯಿತ್ತು. ಹಳೆಯ ಮರದ ಉಳಿದ ತುಂಡಿನ ಮೇಲೆ ಸೀಸದ ಕಡ್ಡಿಯಲ್ಲಿ ಬರೆದ ಮಾಸಿದ ಒಂದು ಅಂಕಿಯಿತ್ತು. ಮೊದಲಿನದು ಏಳು, ಮುಂದಿನದು ಓದಲಾಗುವಂತಿರಲಿಲ್ಲ. ಚಿಕ್ಕ ಹುಡುಗನೊಬ್ಬ ಕೇಳಿದ, ಉಸ್ತಾದ್, ಇಲ್ಲಿ ನಿಮ್ಮ ಹೆಸರು ಬರೀಲಾ? ಅವರು ಪೆನ್ಸಿಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ಆ ಅಂಕಿಯ ಪಕ್ಕದ ಹೊಸ ತೇಗದ ಮೇಲೆ ಆ ದಿನದ ತಾರೀಕು ಬರೆದರು. ಅದರ ಕೆಳಗೆ, ಮುಂದೆ ಯಾವತ್ತೋ ಈ ಬಾಗಿಲು ಬಿಚ್ಚುವವನಿಗಾಗಿ, ಮೇಲಿನ ಕೀಲಿಗೆ ಪ್ಯಾಕಿಂಗ್ ಎರಡು, ಕೆಳಗಿನದಕ್ಕೆ ಒಂದು ಎಂದು ಬರೆದು ಒಳಹೊದಿಕೆಯನ್ನು ಕೂರಿಸಿದರು.